ಪ್ರಾಥಮಿಕ ಶಾಲೆಯಲ್ಲಿ ಫ್ರೆಂಚ್: ಬೇಗ ಶುರು ಮಾಡಿದರೆ ಸಾಕೇ?

ಮಕ್ಕಳಿಗೆ ಭಾಷೆ ಬೇಗ ಬರುತ್ತದೆ ಎಂಬ ಮಾತನ್ನು ಅಲ್ಲಗಳೆಯುವವರು ಕಡಿಮೆ. ಮೂರು ಮನೆಮಾತುಗಳ ವಠಾರದಲ್ಲಿ ಬೆಳೆದ ಮಗು ಮೂರನ್ನೂ ಸಲೀಸಾಗಿ ಆಡುವುದನ್ನು ನಾವೆಲ್ಲ ಕಂಡಿದ್ದೇವೆ. ವಠಾರದ ಈ ಅನುಭವವನ್ನೇ ಶಾಲೆಗೂ ಅನ್ವಯಿಸಿ, ಪರಭಾಷೆಯ ಪಾಠವನ್ನು ಎಷ್ಟು ಎಳವೆಯಲ್ಲಿ ಆರಂಭಿಸಿದರೆ ಅಷ್ಟು ಒಳ್ಳೆಯದು ಎಂದು ಹಲವು ದೇಶಗಳ ಸರ್ಕಾರಗಳು ಅರವತ್ತು ವರ್ಷಗಳಿಂದ ನಂಬುತ್ತ ಬಂದಿವೆ. ಈ ನಂಬಿಕೆಯನ್ನು ತರಗತಿಯಲ್ಲಿ ಪರೀಕ್ಷೆಗೆ ಒಡ್ಡಿದ ದೊಡ್ಡ ಪ್ರಯೋಗಗಳಲ್ಲಿ ಹಲವು ಫ್ರೆಂಚ್ ಭಾಷೆಗೆ ಸಂಬಂಧಿಸಿದವು. ಇಂಗ್ಲೆಂಡ್, ಕೆನಡಾ, ಸ್ವಿಟ್ಜರ್ಲೆಂಡ್ ದೇಶಗಳು ಈ ವಿಷಯದಲ್ಲಿ ಹಣ ಸುರಿದಿವೆ, ಜಗಳವಾಡಿವೆ, ವರದಿ ಬರೆಸಿವೆ, ಮತ ಹಾಕಿಸಿವೆ. ಒಂದನೇ ತರಗತಿಯಿಂದಲೇ ಇಂಗ್ಲಿಷ್ ಆರಂಭಿಸಿರುವ, ನಗರದ ಖಾಸಗಿ ಶಾಲೆಗಳಲ್ಲಿ ಫ್ರೆಂಚ್ ಕಲಿಸುತ್ತಿರುವ ನಾವೂ ಆ ವರದಿಗಳನ್ನು ಓದಬೇಕು.

ನಂಬಿಕೆಯ ಹಿಂದೆ ಒಬ್ಬ ದೊಡ್ಡ ವೈದ್ಯರ ಹೆಸರಿದೆ. ಮಾಂಟ್ರಿಯಲ್‌ನ ನರಶಸ್ತ್ರಚಿಕಿತ್ಸಕ ವೈಲ್ಡರ್ ಪೆನ್‌ಫೀಲ್ಡ್ 1959ರಲ್ಲಿ ಲಮಾರ್ ರಾಬರ್ಟ್ಸ್ ಜೊತೆ ಬರೆದ ಪುಸ್ತಕದಲ್ಲಿ, ಹತ್ತು ವರ್ಷದೊಳಗಿನ ಮಗುವಿನ ಮಿದುಳು ಭಾಷೆಗೆ ಬಾಗುವಷ್ಟು ಸುಲಭವಾಗಿ ಆಮೇಲೆ ಬಾಗುವುದಿಲ್ಲ ಎಂದು ವಾದಿಸಿದರು. ಮಿದುಳಿಗೆ ಪೆಟ್ಟು ಬಿದ್ದು ಮಾತು ಕಳೆದುಕೊಂಡ ಚಿಕ್ಕ ಮಕ್ಕಳು ಮತ್ತೆ ಮಾತು ಪಡೆಯುವುದನ್ನು, ದೊಡ್ಡವರಿಗೆ ಅದು ಸಾಧ್ಯವಾಗದಿರುವುದನ್ನು ಅವರು ಆಸ್ಪತ್ರೆಯಲ್ಲಿ ಕಂಡಿದ್ದರು. 1967ರಲ್ಲಿ ಎರಿಕ್ ಲೆನ್ನೆಬರ್ಗ್ ಈ ವಾದಕ್ಕೆ ಇನ್ನಷ್ಟು ಗಟ್ಟಿ ಚೌಕಟ್ಟು ಕೊಟ್ಟರು. ಇಬ್ಬರದೂ ಗೌರವಿಸಬೇಕಾದ ಕೆಲಸ. ಆದರೆ ಅವರ ಆಧಾರವೆಲ್ಲ ದಿನವಿಡೀ ಭಾಷೆಯ ನಡುವೆ ಬದುಕುವ ಮಗುವಿನದು. ವಾರಕ್ಕೊಮ್ಮೆ, ಊಟದ ಬಿಡುವಿನ ನಂತರ ಅರ್ಧ ಗಂಟೆ ಫ್ರೆಂಚ್ ಕೇಳುವ ಮಗುವಿನ ಬಗ್ಗೆ ಅವರು ಏನನ್ನೂ ಸಾಬೀತು ಮಾಡಿರಲಿಲ್ಲ. ಈ ವ್ಯತ್ಯಾಸವನ್ನು ಶಿಕ್ಷಣ ಇಲಾಖೆಗಳು ಗಮನಿಸಲಿಲ್ಲ. ಮುಂದಿನ ಎಡವಟ್ಟುಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಇಲ್ಲಿಂದಲೇ.

ಇಂಗ್ಲೆಂಡಿನ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. 1960ರ ದಶಕದ ಆರಂಭದಲ್ಲಿ ಲೀಡ್ಸ್ ನಗರದಲ್ಲಿ ಚಿಕ್ಕ ಮಕ್ಕಳಿಗೆ ಫ್ರೆಂಚ್ ಕಲಿಸಿದ ಒಂದು ಸಣ್ಣ ಪ್ರಯೋಗ ಎಲ್ಲರ ಕಣ್ಣಿಗೆ ಬಿತ್ತು. ಅದರ ಬೆನ್ನಿಗೇ ನಫೀಲ್ಡ್ ಪ್ರತಿಷ್ಠಾನದ ನೆರವಿನಿಂದ ಸರ್ಕಾರ ದೊಡ್ಡ ಯೋಜನೆ ಕೈಗೊಂಡಿತು. 1964ರಿಂದ, ಆಯ್ದ 13 ಪ್ರದೇಶಗಳ ಶಾಲೆಗಳಲ್ಲಿ, ಎಂಟನೇ ವಯಸ್ಸಿಗೆ ಫ್ರೆಂಚ್. ಹೊಸ ಪಠ್ಯಸಾಮಗ್ರಿ ಬಂತು: ಟೇಪ್ ರೆಕಾರ್ಡರ್, ಬಟ್ಟೆಯ ಹಲಗೆಗೆ ಅಂಟಿಸುವ ಚಿತ್ರಗಳು, ಹಾಡು, ಸಣ್ಣ ನಾಟಕ. ಓದು ಬರಹವನ್ನು ಬೇಕೆಂದೇ ತಡಮಾಡಿ, ಮೊದಲು ಕಿವಿ ಮತ್ತು ನಾಲಿಗೆ ಎಂಬ ನಿಯಮ ಇಟ್ಟುಕೊಂಡರು. ಶಿಕ್ಷಕರಿಗೆ ತರಬೇತಿ ಕೊಟ್ಟರು, ಫ್ರಾನ್ಸಿಗೂ ಕಳಿಸಿದರು. ಇಷ್ಟು ಸಿದ್ಧತೆ ಮಾಡಿಕೊಂಡು ಭಾಷಾಪಾಠ ಆರಂಭಿಸಿದ ಸರ್ಕಾರಗಳು ಕಡಿಮೆ ಎಂದೇ ಹೇಳಬೇಕು.

ಫಲಿತಾಂಶವನ್ನು ಅಳೆಯುವ ಕೆಲಸ ಕ್ಲೇರ್ ಬರ್‌ಸ್ಟಾಲ್ ಎಂಬ ಸಂಶೋಧಕಿಯ ತಂಡಕ್ಕೆ ಬಿತ್ತು. ಹತ್ತು ವರ್ಷ, ಮೂರು ತಂಡಗಳಲ್ಲಿ ಸುಮಾರು 18,000 ಮಕ್ಕಳು. 1974ರಲ್ಲಿ ಹೊರಬಂದ ವರದಿಯ ತಿರುಳು ಹೀಗಿತ್ತು. ಹದಿಮೂರನೇ ವಯಸ್ಸಿನಲ್ಲಿ ನೋಡಿದರೆ, ಎಂಟಕ್ಕೆ ಆರಂಭಿಸಿದವರು ಹನ್ನೊಂದಕ್ಕೆ ಆರಂಭಿಸಿದವರಿಗಿಂತ ಕೇಳುವುದರಲ್ಲಿ, ಮಾತಾಡುವುದರಲ್ಲಿ ಮುಂದಿದ್ದರು. ಹದಿನಾರಕ್ಕೆ ಬರುವಷ್ಟರಲ್ಲಿ ಆ ಮುನ್ನಡೆ ಕೇಳುವುದರಲ್ಲಿ ಮಾತ್ರ ಉಳಿದಿತ್ತು. ಓದುವುದರಲ್ಲಿ, ಬರೆಯುವುದರಲ್ಲಿ ತಡವಾಗಿ ಆರಂಭಿಸಿದವರದೇ ಮೇಲುಗೈ. ಮೂರು ವರ್ಷದ ಹೆಚ್ಚುವರಿ ಪಾಠಕ್ಕೆ ತಕ್ಕ ಲಾಭ ಸಿಗಲಿಲ್ಲ ಎಂದು ವರದಿ ತೀರ್ಮಾನಿಸಿತು. ಅಷ್ಟೇ ಸಾಕಾಯಿತು. ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳಲ್ಲಿ ಫ್ರೆಂಚ್ ಮೆಲ್ಲಗೆ ಕರಗಿಹೋಯಿತು.

ಆ ವರದಿಯನ್ನು ಆಗಲೇ ಹಲವರು ಪ್ರಶ್ನಿಸಿದರು, ಮತ್ತು ಸರಿಯಾಗಿಯೇ ಪ್ರಶ್ನಿಸಿದರು. ಪ್ರಾಥಮಿಕದಲ್ಲಿ ಮೂರು ವರ್ಷ ಫ್ರೆಂಚ್ ಕಲಿತ ಮಗು ಪ್ರೌಢಶಾಲೆಗೆ ಬಂದಾಗ ಏನೂ ಕಲಿಯದ ಮಗುವಿನ ಪಕ್ಕ ಕೂತು ಮತ್ತೆ ಮೊದಲ ಪಾಠದಿಂದ ಆರಂಭಿಸಬೇಕಾದ ಸಂದರ್ಭಗಳಿದ್ದವು. ಗೊತ್ತಿರುವುದನ್ನೇ ಮತ್ತೆ ಕೇಳಿ ಬೇಸತ್ತ ಮಗುವಿನ ಮುನ್ನಡೆ ಉಳಿಯುವುದಾದರೂ ಹೇಗೆ? ವರದಿಯಲ್ಲೇ ಇದ್ದ, ಆದರೆ ಹೆಚ್ಚು ಚರ್ಚೆಗೆ ಬಾರದ ಇನ್ನೊಂದು ಸಂಗತಿ ನನಗೆ ಅದಕ್ಕಿಂತ ಮುಖ್ಯ ಎನಿಸುತ್ತದೆ. ಸಣ್ಣ ಹಳ್ಳಿಶಾಲೆಗಳ ಮಕ್ಕಳು ದೊಡ್ಡ ಶಾಲೆಗಳ ಮಕ್ಕಳಿಗಿಂತ ಒಳ್ಳೆಯ ಫಲಿತಾಂಶ ತೋರಿದ್ದರು. ಮಗುವನ್ನು ಹತ್ತಿರದಿಂದ ಬಲ್ಲ ಶಿಕ್ಷಕರು, ನಿನಗೆ ಬರುತ್ತದೆ ಎಂಬ ಅವರ ಭರವಸೆ, ಬೇರೆ ಬೇರೆ ವಯಸ್ಸಿನವರು ಒಂದೇ ಕೋಣೆಯಲ್ಲಿ ಒಬ್ಬರಿಗೊಬ್ಬರು ಹೇಳಿಕೊಡುವ ವಾತಾವರಣ ಇವನ್ನು ಕಾರಣವಾಗಿ ಬರ್‌ಸ್ಟಾಲ್ ಗುರುತಿಸಿದರು. ನಮ್ಮ ಏಕೋಪಾಧ್ಯಾಯ ಶಾಲೆಗಳನ್ನು ಕಂಡವರಿಗೆ ಈ ಮಾತು ತಕ್ಷಣ ಅರ್ಥವಾಗುತ್ತದೆ. ಎಂಟೋ ಹನ್ನೊಂದೋ ಎಂಬ ಚರ್ಚೆಯಲ್ಲಿ ದೇಶ ಮುಳುಗಿದ್ದಾಗ, ಕಲಿಸುವವರು ಯಾರು ಎಂಬ ಉತ್ತರ ವರದಿಯ ಪುಟಗಳಲ್ಲೇ ಕಾದಿತ್ತು.

ಮೂವತ್ತು ವರ್ಷದ ನಂತರ ಅದೇ ಇಂಗ್ಲೆಂಡ್ ಅದೇ ದಾರಿಗೆ ಮರಳಿತು. 2002ರಲ್ಲಿ ಪ್ರಕಟವಾದ ಭಾಷಾನೀತಿ ಪ್ರಾಥಮಿಕದಲ್ಲಿ ಪರಭಾಷೆ ಕಲಿಯುವ ಅವಕಾಶವನ್ನು ಭರವಸೆಯಾಗಿ ಕೊಟ್ಟಿತು. ಎರಡೇ ವರ್ಷದಲ್ಲಿ, 2004ರಲ್ಲಿ, ಹದಿನಾಲ್ಕು ವರ್ಷದ ಮೇಲಿನವರಿಗೆ ಭಾಷೆ ಕಡ್ಡಾಯವಲ್ಲ ಎಂದಾಯಿತು. ಕೆಳಗಿನ ತರಗತಿಯಲ್ಲಿ ಬಾಗಿಲು ತೆರೆದು ಮೇಲಿನ ತರಗತಿಯಲ್ಲಿ ಮುಚ್ಚಿದ ಈ ತೀರ್ಮಾನವನ್ನು ಸಮರ್ಥಿಸುವುದು ಕಷ್ಟ. 2014ರ ಸೆಪ್ಟೆಂಬರ್‌ನಿಂದ ಏಳರಿಂದ ಹನ್ನೊಂದು ವರ್ಷದ ಮಕ್ಕಳಿಗೆ ಒಂದು ಪರಭಾಷೆ ಕಡ್ಡಾಯವಾಗಿದೆ, ಹೆಚ್ಚಿನ ಶಾಲೆಗಳು ಆರಿಸಿಕೊಂಡಿರುವುದು ಫ್ರೆಂಚನ್ನೇ. ಆದರೆ ವಾರಕ್ಕೆ ಸಿಗುವುದು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ.

ಇಲ್ಲಿ ಒಂದು ಲೆಕ್ಕ ಹಾಕೋಣ. ಇಂಗ್ಲೆಂಡಿನ ಶಾಲಾವರ್ಷ ಸುಮಾರು 38 ವಾರ. ವಾರಕ್ಕೆ ಅರ್ಧ ಗಂಟೆಯಂತೆ ವರ್ಷಕ್ಕೆ 19 ಗಂಟೆ, ನಾಲ್ಕು ವರ್ಷಕ್ಕೆ 76 ಗಂಟೆ. ಮನೆಯ ಭಾಷೆಯನ್ನು ಮಗು ಇಷ್ಟು ಹೊತ್ತು ಕೇಳಲು ಹತ್ತು ದಿನವೂ ಬೇಡ. ಎಳೆಯ ಮಗುವಿನ ಕಲಿಕೆಯ ಶಕ್ತಿ ಇರುವುದು ಅರಿವಿಲ್ಲದೆ ಹೀರಿಕೊಳ್ಳುವುದರಲ್ಲಿ. ಹೀರಿಕೊಳ್ಳಲು ಭಾಷೆ ಹೇರಳವಾಗಿ ಸುತ್ತ ಇರಬೇಕು. ಅದು ಇಲ್ಲದಿದ್ದಾಗ, ನಿಯಮ ಗ್ರಹಿಸಿ, ಓದಿ, ಬರೆದು ನೆನಪಿಟ್ಟುಕೊಳ್ಳಬಲ್ಲ ದೊಡ್ಡ ಮಗುವಿಗೇ ಅನುಕೂಲ ಹೆಚ್ಚು. ಫ್ಲಾರೆನ್ಸ್ ಮೈಲ್ಸ್ ಮತ್ತು ಸಂಗಡಿಗರು ಐದು, ಏಳು, ಹನ್ನೊಂದು ವರ್ಷದ ಇಂಗ್ಲಿಷ್ ಮಕ್ಕಳಿಗೆ ಒಬ್ಬರೇ ಶಿಕ್ಷಕರಿಂದ, ಸಮಾನ ಗಂಟೆಗಳ ಫ್ರೆಂಚ್ ಪಾಠ ಮಾಡಿಸಿ ನೋಡಿದಾಗ ಇದೇ ಕಂಡಿತು. ಹನ್ನೊಂದರ ಮಕ್ಕಳು ವೇಗವಾಗಿ ಕಲಿತರು. ಐದರ ಮಕ್ಕಳಲ್ಲಿ ಉತ್ಸಾಹ ಹೆಚ್ಚಿತ್ತು. ಆ ಉತ್ಸಾಹ ಸಣ್ಣ ವಿಷಯವಲ್ಲ. ಅದನ್ನು ಭಾಷೆಯಾಗಿ ಮಾಗಿಸಬೇಕಾದರೆ ಸಮಯ ಕೊಡಬೇಕು. ಸುಝಾನ್ ಗ್ರಹಾಂ ಮತ್ತು ಇತರರ ಅಧ್ಯಯನವೂ ವಾರಕ್ಕೆ ಒಂದು ಗಂಟೆಗಿಂತ ಕಡಿಮೆ ಪಾಠದಿಂದ, ಫ್ರೆಂಚ್ ಚೆನ್ನಾಗಿ ಬಾರದ ಶಿಕ್ಷಕರಿಂದ ಹೆಚ್ಚಿನದನ್ನು ನಿರೀಕ್ಷಿಸಲಾಗದು ಎಂಬ ಕಡೆಗೇ ಬೆರಳು ತೋರಿಸಿತು.

ಕೆನಡಾದ ಕಥೆ ಸರ್ಕಾರದಿಂದ ಆರಂಭವಾಗಲಿಲ್ಲ, ತಾಯಂದಿರಿಂದ ಆರಂಭವಾಯಿತು. ಮಾಂಟ್ರಿಯಲ್ ಎದುರಿನ ದಡದ ಸೇಂಟ್ ಲ್ಯಾಂಬರ್ಟ್ ಎಂಬ ಊರಿನಲ್ಲಿ ಇಂಗ್ಲಿಷ್ ಮಾತಾಡುವ ಕುಟುಂಬಗಳಿದ್ದವು. ಅವರ ಮಕ್ಕಳು ಶಾಲೆಯಲ್ಲಿ ವರ್ಷಗಟ್ಟಲೆ ಫ್ರೆಂಚ್ ಓದಿಯೂ, ಪಕ್ಕದ ಬೀದಿಯ ಫ್ರೆಂಚ್ ಅಂಗಡಿಯವರ ಜೊತೆ ನಾಲ್ಕು ಮಾತಾಡಲಾರದೆ ಹೊರಬರುತ್ತಿದ್ದರು. ಕ್ವಿಬೆಕ್‌ನಲ್ಲಿ ಫ್ರೆಂಚ್ ಭಾಷಿಕರ ಸ್ವಾಭಿಮಾನ ಎದ್ದು ನಿಲ್ಲುತ್ತಿದ್ದ ಕಾಲ ಅದು. ಅಲ್ಲಿಯೇ ಬದುಕಬೇಕಾದ ಮಕ್ಕಳಿಗೆ ಅಲ್ಲಿಯ ಭಾಷೆ ಬಾರದಿದ್ದರೆ ಹೇಗೆ ಎಂದು ಓಲ್ಗಾ ಮೆಲಿಕಾಫ್, ಮ್ಯೂರಿಯಲ್ ಪಾರ್ಕ್ಸ್, ವಾಲೆರಿ ನೀಲ್ ಎಂಬ ಮೂವರು ತಾಯಂದಿರು ಮುಂದಾಳತ್ವ ವಹಿಸಿ ಶಾಲಾಮಂಡಳಿಯ ಬಾಗಿಲು ತಟ್ಟಿದರು. ಮಂಡಳಿಗೆ ಮನಸ್ಸಿರಲಿಲ್ಲ. ಅವರು ಬಿಡಲಿಲ್ಲ. ಮೆಕ್‌ಗಿಲ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ವಾಲೆಸ್ ಲ್ಯಾಂಬರ್ಟ್ ಮತ್ತು ಪೆನ್‌ಫೀಲ್ಡ್ ಅವರ ಸಲಹೆ ಪಡೆದು, 1965ರ ಸೆಪ್ಟೆಂಬರ್‌ನಲ್ಲಿ 26 ಮಕ್ಕಳ ಒಂದು ಶಿಶುತರಗತಿಯನ್ನು ಪೂರ್ತಿ ಫ್ರೆಂಚಿನಲ್ಲೇ ಆರಂಭಿಸುವಂತೆ ಮಾಡಿದರು.

ಇದೇ ಮುಂದೆ ಇಮ್ಮರ್ಷನ್ ಎಂದು ಹೆಸರಾಯಿತು. ಇಲ್ಲಿ ಫ್ರೆಂಚ್ ಒಂದು ವಿಷಯವಾಗಿ ಇರುವುದಿಲ್ಲ. ಲೆಕ್ಕ, ಚಿತ್ರ, ಆಟ, ಕಥೆ, ಕೈತೊಳೆಯಲು ಹೋಗುವ ಸಾಲು ಎಲ್ಲವೂ ಫ್ರೆಂಚಿನಲ್ಲಿ ನಡೆಯುತ್ತವೆ. ಟೀಚರಿಗೆ ಮಗುವಿನ ಇಂಗ್ಲಿಷ್ ತಿಳಿಯುತ್ತದೆ, ಮಗು ಆರಂಭದಲ್ಲಿ ಇಂಗ್ಲಿಷಿನಲ್ಲೇ ಉತ್ತರಿಸಬಹುದು, ಯಾರೂ ಗದರುವುದಿಲ್ಲ. ಎರಡನೇ ತರಗತಿಯ ಹೊತ್ತಿಗೆ ಇಂಗ್ಲಿಷ್ ಓದು ಬರಹ ಸೇರುತ್ತದೆ. ಲ್ಯಾಂಬರ್ಟ್ ಮತ್ತು ರಿಚರ್ಡ್ ಟಕರ್ 1972ರಲ್ಲಿ ಪ್ರಕಟಿಸಿದ ಫಲಿತಾಂಶಗಳು ಪೋಷಕರ ದೊಡ್ಡ ಭಯವನ್ನು ನಿವಾರಿಸಿದವು: ಈ ಮಕ್ಕಳ ಇಂಗ್ಲಿಷ್ ಸೊರಗಲಿಲ್ಲ, ಲೆಕ್ಕ ಹಿಂದೆ ಬೀಳಲಿಲ್ಲ, ಫ್ರೆಂಚ್ ಮಾತ್ರ ಸಾಮಾನ್ಯ ಶಾಲೆಯ ಮಕ್ಕಳಿಗೆ ಎಟುಕದಷ್ಟು ಮುಂದಿತ್ತು. ಇಂದು ಕೆನಡಾದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಮಕ್ಕಳು ಇಂಥ ತರಗತಿಗಳಲ್ಲಿದ್ದಾರೆ.

ಈ ಯಶಸ್ಸನ್ನು ನಾವು ನೋಡುವಾಗ ಎರಡು ಎಚ್ಚರ ಬೇಕು. ಸೇಂಟ್ ಲ್ಯಾಂಬರ್ಟ್ ಮಕ್ಕಳ ಮನೆಮಾತು ಇಂಗ್ಲಿಷ್. ಅದು ಖಂಡದುದ್ದಕ್ಕೂ ಬಲವಾದ ಭಾಷೆ, ಶಾಲೆ ಕಲಿಸದಿದ್ದರೂ ಉಳಿಯುತ್ತದೆ. ಟೀವಿ, ಅಂಗಡಿ, ಅಜ್ಜಿ, ಗ್ರಂಥಾಲಯ ಎಲ್ಲ ಕಡೆ ಅದೇ ಇರುತ್ತದೆ. ಮನೆಮಾತಿಗೆ ಸಮಾಜದಲ್ಲಿ ಮಾನವಿಲ್ಲದ ಕಡೆ ಇದೇ ಕ್ರಮವನ್ನು ತಂದರೆ ಫಲ ಬೇರೆಯೇ ಆಗುತ್ತದೆ. ಎರಡನೆಯದು, ಇಮ್ಮರ್ಷನ್ ಮಕ್ಕಳ ಫ್ರೆಂಚ್‌ನ ಗುಣ. ಅವರು ಸಲೀಸಾಗಿ ಅರ್ಥ ಮಾಡಿಕೊಳ್ಳುತ್ತಾರೆ, ಧೈರ್ಯವಾಗಿ ಮಾತಾಡುತ್ತಾರೆ, ಆದರೆ ಲಿಂಗ, ಕಾಲರೂಪಗಳಲ್ಲಿ ತಪ್ಪುಗಳು ವರ್ಷಗಟ್ಟಲೆ ಉಳಿಯುತ್ತವೆ. ಹಿರಿಯರೊಡನೆ ಮಾತಾಡುವಾಗಲೂ ಏಕವಚನವನ್ನೇ ಬಳಸುತ್ತಾರೆ. ಕೇಳಿದ್ದರಿಂದಷ್ಟೇ ಭಾಷೆ ಪೂರ್ಣವಾಗುವುದಿಲ್ಲ, ಆಡಬೇಕು, ಬರೆಯಬೇಕು, ತಿದ್ದಿಸಿಕೊಳ್ಳಬೇಕು ಎಂಬ ಮೆರಿಲ್ ಸ್ವೇನ್ ಅವರ ಪ್ರಸಿದ್ಧ ವಾದ ಹುಟ್ಟಿದ್ದು 1985ರಲ್ಲಿ, ಇಂಥ ತರಗತಿಗಳನ್ನೇ ಗಮನಿಸಿ. ಜೊತೆಗೆ, ಮಾಂಟ್ರಿಯಲ್‌ನಲ್ಲಿ ಏಳು ಮತ್ತು ಎಂಟನೇ ತರಗತಿಯಲ್ಲಿ ಎರಡು ವರ್ಷ ಪೂರ್ತಿ ಫ್ರೆಂಚಿನಲ್ಲಿ ಓದಿದ ಮಕ್ಕಳು, ಶಿಶುವಿಹಾರದಿಂದ ಓದಿದವರಿಗೆ ಹಲವು ಅಂಶಗಳಲ್ಲಿ ಸಾಟಿಯಾಗಿ ನಿಂತದ್ದನ್ನು ಫ್ರೆಡ್ ಜೆನೆಸಿ ತೋರಿಸಿದರು. ದೊಡ್ಡ ಮಕ್ಕಳಿಗೆ ಒತ್ತಾಗಿ ಸಮಯ ಕೊಟ್ಟರೆ ಅವರು ತಲುಪುತ್ತಾರೆ.

ಇಮ್ಮರ್ಷನ್ ಹೊರಗಿನ ಕೆನಡಾ ಮಕ್ಕಳಿಗೆ ಫ್ರೆಂಚ್ ಒಂದು ಪೀರಿಯಡ್. ಒಂಟೇರಿಯೋ ಪ್ರಾಂತದಲ್ಲಿ ನಾಲ್ಕನೇ ತರಗತಿಯಿಂದ ಎಂಟನೆಯದರ ಕೊನೆಗೆ 600 ಗಂಟೆ ಆಗಬೇಕೆಂಬ ನಿಯಮವಿದೆ. ಇಂಗ್ಲೆಂಡಿನ 76 ಗಂಟೆಯ ಪಕ್ಕ ಇದು ದೊಡ್ಡದು, ಆದರೂ ಮಕ್ಕಳು ಮಾತಾಡುವಂತಾಗುವುದು ಕಡಿಮೆ ಎಂಬ ದೂರು ಅಲ್ಲಿ ಹಳೆಯದು. ದಿನಕ್ಕೆ ನಲವತ್ತು ನಿಮಿಷ ಹನಿಹನಿಯಾಗಿ ಕೊಡುವ ಬದಲು ಅರ್ಧ ವರ್ಷ ಒಟ್ಟಿಗೇ ಕೊಟ್ಟರೆ ಹೇಗೆ ಎಂದು ಕ್ಲಾಡ್ ಜೆರ್ಮೆನ್ ಮತ್ತು ಜೋನ್ ನೆಟೆನ್ 1998ರಲ್ಲಿ ನ್ಯೂಫೌಂಡ್‌ಲೆಂಡ್‌ನಲ್ಲಿ ಆರಂಭಿಸಿದ ತೀವ್ರ ಫ್ರೆಂಚ್ ತರಗತಿಗಳು ಇಂಥ ಕೊರತೆಗೆ ಹುಡುಕಿದ ಪರಿಹಾರ. ನನ್ನ ಮಟ್ಟಿಗೆ ಕೆನಡಾದ ಇಡೀ ಅನುಭವದಲ್ಲಿ ಬಡ ದೇಶಗಳು ಹೆಚ್ಚು ಗಮನಿಸಬೇಕಾದ ಪ್ರಯೋಗ ಇದೇ. ಇತ್ತ ನ್ಯೂ ಬ್ರನ್ಸ್‌ವಿಕ್ ಪ್ರಾಂತ 2008ರಲ್ಲಿ ಇಮ್ಮರ್ಷನ್ ಆರಂಭವನ್ನು ಒಂದನೇ ತರಗತಿಯಿಂದ ಮೂರಕ್ಕೆ ತಳ್ಳಿ, 2017ರಲ್ಲಿ ಮತ್ತೆ ಒಂದಕ್ಕೆ ತಂದು, 2023ರ ಆರಂಭದಲ್ಲಿ ಇಮ್ಮರ್ಷನ್ನನ್ನೇ ಬದಲಿಸುವ ಪ್ರಸ್ತಾಪವನ್ನು ಪೋಷಕರ ವಿರೋಧಕ್ಕೆ ಮಣಿದು ಕೈಬಿಟ್ಟಿತು. ಹದಿನೈದು ವರ್ಷ ಆರಂಭದ ತರಗತಿಯ ಸುತ್ತಲೇ ಚರ್ಚೆ. ಕಲಿಸಬಲ್ಲ ಶಿಕ್ಷಕರ ಕೊರತೆ ಮಾತ್ರ ದೇಶದ ಹಲವೆಡೆ ಹಾಗೆಯೇ ಉಳಿದಿದೆ.

ಸ್ವಿಟ್ಜರ್ಲೆಂಡಿನಲ್ಲಿ ಫ್ರೆಂಚ್ ಪರಭಾಷೆಯಲ್ಲ, ದೇಶದ್ದೇ ಒಂದು ಭಾಷೆ. ಜರ್ಮನ್ ಮಾತಾಡುವ ಮಗು ಫ್ರೆಂಚ್ ಕಲಿಯುವುದು ಅಲ್ಲಿ ದೇಶದ ಒಗ್ಗಟ್ಟಿನ ಪ್ರಶ್ನೆ. 2000ದ ಆಸುಪಾಸಿನಲ್ಲಿ ಜ್ಯೂರಿಕ್ ಕ್ಯಾಂಟನ್ ಇಂಗ್ಲಿಷನ್ನು ಮುಂದಕ್ಕೆ ತಂದು ಫ್ರೆಂಚನ್ನು ಹಿಂದಕ್ಕೆ ಹಾಕಿದಾಗ ಎದ್ದ ಗದ್ದಲ ಇನ್ನೂ ತಣ್ಣಗಾಗಿಲ್ಲ. ಫ್ರೆಂಚ್ ಭಾಷಾಗಡಿಗೆ ಹತ್ತಿರದ ಆರು ಕ್ಯಾಂಟನ್‌ಗಳು 2011ರಿಂದ ಮೂರನೇ ತರಗತಿಗೇ ಫ್ರೆಂಚ್ ತಂದು, ಹೊಸ ಪಠ್ಯಪುಸ್ತಕ ಬರೆಸಿದವು. ವ್ಯಾಕರಣ, ಪದಪಟ್ಟಿಗಳನ್ನು ಹಿಂದಿಟ್ಟು ನಿಜವಾದ ಫ್ರೆಂಚ್ ಕಥೆಗಳಲ್ಲಿ ಮಕ್ಕಳನ್ನು ಮುಳುಗಿಸುವ ವಿಧಾನ ಅದು. ವಾರಕ್ಕೆ ಮೂರು ಪೀರಿಯಡ್‌ಗಳ ಪಾಠಕ್ಕೆ ಅದು ಹೊಂದಲಿಲ್ಲ ಎಂದು ಶಿಕ್ಷಕರೂ ಪೋಷಕರೂ ದೂರಿದರು. ಬಾಸೆಲ್ ಗ್ರಾಮಾಂತರ ಕ್ಯಾಂಟನ್‌ನ ಮತದಾರರು 2019ರಲ್ಲಿ ಶಿಕ್ಷಕರಿಗೆ ಪಠ್ಯಪುಸ್ತಕ ಆರಿಸುವ ಸ್ವಾತಂತ್ರ್ಯ ಕೊಡಿಸಿದರು. ಜ್ಯೂರಿಕ್‌ನ ಜನ 2017ರಲ್ಲಿ ಪ್ರಾಥಮಿಕದಲ್ಲಿ ಒಂದೇ ಪರಭಾಷೆ ಸಾಕು ಎಂಬ ಬೇಡಿಕೆಯನ್ನು ಮತ ಹಾಕಿ ತಿರಸ್ಕರಿಸಿದ್ದರು. 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿಯ ಶಾಸನಸಭೆ ಫ್ರೆಂಚನ್ನು ಪ್ರಾಥಮಿಕದಿಂದ ಪ್ರೌಢಶಾಲೆಗೆ ಸರಿಸುವ ಪರ ಮತ ಹಾಕಿತು.

ಫ್ರೆಂಚ್ ಮಾಧ್ಯಮದ ಆಫ್ರಿಕಾವನ್ನು ಬಿಟ್ಟರೆ ಈ ಸಮೀಕ್ಷೆ ಅಪೂರ್ಣ, ಅನ್ಯಾಯ ಕೂಡ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಲಕ್ಷಾಂತರ ಮಕ್ಕಳಿಗೆ ಶಾಲೆಯ ಮೊದಲ ದಿನವೇ ಎದುರಾಗುವುದು ಮನೆಯಲ್ಲಿ ಎಂದೂ ಕೇಳಿರದ ಫ್ರೆಂಚ್. ಹತ್ತು ದೇಶಗಳಲ್ಲಿ 2014ರಲ್ಲಿ ನಡೆದ ಪಾಸೆಕ್ ಎಂಬ ಕಲಿಕಾ ಮೌಲ್ಯಮಾಪನದಲ್ಲಿ, ಆರಂಭಿಕ ತರಗತಿಗಳ ಶೇ. 70ಕ್ಕೂ ಹೆಚ್ಚು ಮಕ್ಕಳು ಬೋಧನಾಭಾಷೆಯಲ್ಲಿ ಸಾಕಷ್ಟು ಮಟ್ಟ ಮುಟ್ಟಿರಲಿಲ್ಲ. ಎದ್ದು ಕಂಡ ಅಪವಾದ ಬುರುಂಡಿ. ಅಲ್ಲಿ ಮಕ್ಕಳು ಮೊದಲು ಓದು ಕಲಿಯುವುದು ತಮ್ಮದೇ ಕಿರುಂಡಿ ಭಾಷೆಯಲ್ಲಿ. ಸೇಂಟ್ ಲ್ಯಾಂಬರ್ಟ್ ಮಾದರಿಯನ್ನು ಮುಂದಿಟ್ಟು ಮಾತೃಭಾಷೆಯ ಶಿಕ್ಷಣವನ್ನು ಹಳೆಯ ಹಟ ಎನ್ನುವವರು ಈ ಎರಡು ಚಿತ್ರಗಳನ್ನೂ ಒಟ್ಟಿಗೆ ನೋಡಬೇಕು.

ಕನ್ನಡದ ಮಕ್ಕಳಿಗೂ ಈ ವಿಷಯ ದೂರದ್ದಲ್ಲ. 1977ರ ಫ್ರೆಂಚ್ ಭಾಷಾ ಸನ್ನದಿನಂತೆ ಕ್ವಿಬೆಕ್‌ಗೆ ವಲಸೆ ಬಂದು ನೆಲೆಸುವವರ ಮಕ್ಕಳು ಫ್ರೆಂಚ್ ಶಾಲೆಗೇ ಹೋಗಬೇಕು. ಮಾಂಟ್ರಿಯಲ್‌ನಲ್ಲಿ ನೆಲೆಸಿದ ಕನ್ನಡ ಕುಟುಂಬದ ಮಗುವಿಗೆ ದಿನವಿಡೀ ಫ್ರೆಂಚ್, ಬೀದಿಯಲ್ಲಿ ಇಂಗ್ಲಿಷ್, ಮನೆಯಲ್ಲಿ ಕನ್ನಡ. ಅಲ್ಲಿ ಫ್ರೆಂಚ್ ಬರುತ್ತದೋ ಇಲ್ಲವೋ ಎಂಬ ಚಿಂತೆ ಬೇಡ, ಅದು ಬಂದೇ ಬರುತ್ತದೆ. ಚಿಂತಿಸಬೇಕಾದದ್ದು ಮೂರನೆಯದರ ಬಗ್ಗೆ.

ಬೆಂಗಳೂರಿನ ಸ್ಥಿತಿ ಇದಕ್ಕೆ ತದ್ವಿರುದ್ಧ. ಇಲ್ಲಿ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳಲ್ಲಿ ಫ್ರೆಂಚ್ ಬರುವುದು ಹೆಚ್ಚಾಗಿ ಮೂರನೇ ಭಾಷೆಯಾಗಿ, ಐದು ಅಥವಾ ಆರನೇ ತರಗತಿಯಿಂದ. ಕೆಲವು ಶಾಲೆಗಳಲ್ಲಿ ಇನ್ನೂ ಮೊದಲು. ಅಂಕ ಚೆನ್ನಾಗಿ ಬರುತ್ತವೆ ಎಂಬ ಲೆಕ್ಕ ಒಂದು, ಮುಂದೆ ಕೆನಡಾ, ಫ್ರಾನ್ಸ್ ಎಂಬ ಆಸೆ ಇನ್ನೊಂದು. ಆಸೆ ತಪ್ಪಲ್ಲ. ಕನ್ನಡದ ಮಗುವಿಗೆ ಫ್ರೆಂಚ್ ಕಲಿಯಲು ಕೆಲವು ಅನುಕೂಲಗಳೂ ಇವೆ. ಏಕವಚನ, ಬಹುವಚನದ ಮರ್ಯಾದೆ ಅದಕ್ಕೆ ಮನೆಯಿಂದಲೇ ಗೊತ್ತು, ಇಂಗ್ಲಿಷ್ ಮಕ್ಕಳು ವರ್ಷಗಟ್ಟಲೆ ತಡಬಡಿಸುವ ಜಾಗ ಅದು. ತೊಡಕೂ ಇದೆ. ಮನುಷ್ಯರಿಗಷ್ಟೇ ಗಂಡು ಹೆಣ್ಣಿನ ಭೇದ ಬಲ್ಲ ಮಗುವಿಗೆ ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ ಎಂದರೆ ಗೊಂದಲವಾಗುತ್ತದೆ. ಆಡಿದಂತೆ ಬರೆಯುವ ಲಿಪಿಯಿಂದ ಬಂದ ಮಗುವಿಗೆ ಪದದ ಕೊನೆಯ ಅಕ್ಷರಗಳು ಬಾಯಿಗೆ ಬಾರದೆ ಕಾಗದದಲ್ಲೇ ಉಳಿಯುವುದು ವಿಚಿತ್ರ. ಒಳ್ಳೆಯ ಟೀಚರ್ ಇದ್ದರೆ ಇವೆಲ್ಲ ಆಟವಾಗುತ್ತವೆ. ಇಲ್ಲದಿದ್ದರೆ ಕ್ರಿಯಾಪದಗಳ ಕೋಷ್ಟಕ ಉರುಹೊಡೆದು, ಹತ್ತನೇ ತರಗತಿಯಲ್ಲಿ ತೊಂಬತ್ತೈದು ಅಂಕ ಪಡೆದು, ಒಂದು ವಾಕ್ಯ ಆಡಲಾಗದೆ ಮಗು ಮುಂದೆ ಹೋಗುತ್ತದೆ.

ಕಾನೂನಿನ ಚಿತ್ರ ಸ್ಪಷ್ಟವಿದೆ. ರಾಜ್ಯದ 2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮ ಎಲ್ಲ ಮಂಡಳಿಗಳ ಶಾಲೆಗಳಲ್ಲೂ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಹಂತಹಂತವಾಗಿ ಕಲಿಸಬೇಕು ಎನ್ನುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರು ಭಾಷೆಗಳಲ್ಲಿ ಕನಿಷ್ಠ ಎರಡು ಭಾರತದ್ದಾಗಿರಬೇಕು ಎಂದು, ಫ್ರೆಂಚ್, ಜರ್ಮನ್, ಜಪಾನೀಸ್ ಮುಂತಾದವನ್ನು ಪ್ರೌಢ ಹಂತದಲ್ಲಿ ಕಲಿಸಬಹುದು ಎಂದು ಹೇಳಿದೆ. ಪರಭಾಷೆಯನ್ನು ಪ್ರೌಢ ಹಂತಕ್ಕೆ ಇಟ್ಟಿರುವುದನ್ನು ಕೆಲವರು ಹಿಂದುಳಿಕೆ ಎಂದು ಟೀಕಿಸಿದ್ದಾರೆ. ಮೇಲಿನ ಎಲ್ಲ ಅನುಭವವನ್ನು ನೋಡಿದ ಮೇಲೆ ಆ ಟೀಕೆಯನ್ನು ನಾನು ಒಪ್ಪಲಾರೆ. ವಾರಕ್ಕೆ ಎರಡು ಮೂರು ಪೀರಿಯಡ್ ಮಾತ್ರ ಕೊಡಲು ಸಾಧ್ಯವಿದ್ದರೆ ಹನ್ನೊಂದು ಹನ್ನೆರಡರ ವಯಸ್ಸೇ ಸೂಕ್ತ.

ಇದೇ ಮಾತನ್ನು ನಮ್ಮ ಇಂಗ್ಲಿಷ್ ಬಗ್ಗೆಯೂ ಹೇಳಬೇಕು. ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಗೇ ಇಂಗ್ಲಿಷ್ ಬಂತು. ನಾವು ಪರ ವಿರೋಧ ಹೋರಾಡಿದ್ದು ಆರಂಭದ ತರಗತಿಯ ಬಗ್ಗೆ, ಗೋಕಾಕ್ ಚಳವಳಿಯ ಕಾಲದಿಂದ ಮಾಧ್ಯಮದ ಬಗ್ಗೆ. ಯಾರು ಕಲಿಸುತ್ತಾರೆ, ಅವರಿಗೆ ಆ ಭಾಷೆ ಎಷ್ಟು ಬರುತ್ತದೆ, ವಾರಕ್ಕೆ ಎಷ್ಟು ಗಂಟೆ, ಮುಂದಿನ ಶಾಲೆ ಮಗು ಬಿಟ್ಟಲ್ಲಿಂದ ಮುಂದುವರಿಸುತ್ತದೆಯೇ ಎಂಬುದನ್ನು ಅಷ್ಟೇ ಗಟ್ಟಿಯಾಗಿ ಕೇಳಲಿಲ್ಲ. ಇಂಗ್ಲೆಂಡ್ 1974ರಲ್ಲಿ ಕಲಿಯಬಹುದಾಗಿದ್ದ ಪಾಠ ನಮ್ಮ ಹಳ್ಳಿಶಾಲೆಗಳಲ್ಲಿ ಇನ್ನೂ ಬಾಕಿ ಇದೆ.

ಮಗುವಿಗೆ ಫ್ರೆಂಚ್ ಬೇಕು ಎಂದು ನಿರ್ಧರಿಸುವ ತಂದೆತಾಯಂದಿರಲ್ಲಿ ನನ್ನ ವಿನಂತಿ ಇಷ್ಟೇ. ಪ್ರವೇಶದ ದಿನ ಶಾಲೆಯವರನ್ನು ಎಷ್ಟನೇ ತರಗತಿಯಿಂದ ಎಂದು ಕೇಳುವ ಮೊದಲು, ಫ್ರೆಂಚ್ ಟೀಚರ್ ಜೊತೆ ಹತ್ತು ನಿಮಿಷ ಮಾತಾಡಿ. ತರಗತಿಯಲ್ಲಿ ಮಕ್ಕಳು ಎಷ್ಟು ಹೊತ್ತು ತಾವೇ ಮಾತಾಡುತ್ತಾರೆ ಎಂದು ವಿಚಾರಿಸಿ, ಆ ಟೀಚರ್ ಮುಂದಿನ ವರ್ಷವೂ ಇರುತ್ತಾರೆಯೇ ಎಂದು ಕೇಳಿ. ಉತ್ತರ ಸಮಾಧಾನ ತರದಿದ್ದರೆ ಆ ಪೀರಿಯಡ್ ಬಿಟ್ಟುಬಿಡಿ, ಆ ಹೊತ್ತಿನಲ್ಲಿ ಮಗು ಕನ್ನಡದಲ್ಲಿ ಚೆನ್ನಾಗಿ ಓದಲಿ, ಬರೆಯಲಿ. ಹನ್ನೆರಡನೇ ವಯಸ್ಸಿಗೆ ಒಳ್ಳೆಯ ಶಿಕ್ಷಕರ ಬಳಿ ಆರಂಭಿಸಿದರೂ ಫ್ರೆಂಚ್ ಬರುತ್ತದೆ.